ಗಾಜಿನ ಮೇಲೆ ಒಂದು ಹನಿ ನೆತ್ತರು

ಬಣ್ಣ ಹಿಡಿಯುವುದರಲ್ಲಿ ನೀರಿನ ಗುಣವೂ ಲೆಕ್ಕಕ್ಕೆ ಬರುವುದೆಂಬುದು ಇಳಕಲ್ಲಿನ ಮಗ್ಗದ ಮನೆಗಳಿಗೆ ಹೊಸ ಮಾತಲ್ಲ. ಆದರೆ ನೆತ್ತರಿಗೂ ಬಣ್ಣ ಕಟ್ಟುವರು, ಅಲ್ಲಿಯೂ ನೀರು ಕೆಟ್ಟರೆ ಕೆಲಸ ಕೆಟ್ಟಂತೆ ಎಂದರೆ ವಾಚಕರು ಸುಲಭವಾಗಿ ನಂಬಲಾರರು.

1958ರಲ್ಲಿ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಆರಂಭವಾದ ಮೇಲೆ ದೇಶದ ಹಳ್ಳಿಹಳ್ಳಿಗಳಲ್ಲಿ ಜ್ವರದವರ ಬೆರಳು ಚುಚ್ಚಿ ಗಾಜಿನ ಮೇಲೆ ನೆತ್ತರು ತೆಗೆದುಕೊಂಡು ಹೋಗುವುದು ವಾಡಿಕೆಯಾಯಿತು. ಬಾದಾಮಿ, ಹುನಗುಂದಗಳ ಹಿರಿಯರಿಗೆ ಇದು ತಿಳಿಯದ್ದೇನಲ್ಲ. ಆ ಹನಿ ಮುಂದೇನಾಯಿತೆಂದು ಕೇಳುವವರು ಮಾತ್ರ ವಿರಳ.

ಹನಿಯನ್ನು ಗಾಜಿನ ಒಂದು ತುದಿಯ ಬಳಿಯಿಟ್ಟು, ಇನ್ನೊಂದು ಗಾಜಿನ ಅಂಚನ್ನು 30ರಿಂದ 45 ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಹಿಂದಕ್ಕೆಳೆದು ಅದಕ್ಕೆ ಮುಟ್ಟಿಸುವರು. ನೆತ್ತರು ಅಂಚಿನುದ್ದಕ್ಕೂ ಹರಡಿದೊಡನೆ ಒಂದೇ ಬೀಸಿಗೆ ಮುಂದಕ್ಕೆ ತಳ್ಳಬೇಕು. ಕೈ ತಡವರಿಸಿದರೆ ಬರೆಗಳೇಳುವುವು. ಗಾಜಿಗೆ ಜಿಡ್ಡಿದ್ದರೆ ಲೇಪದಲ್ಲಿ ತೂತು ಬೀಳುವುದು. ಒಳ್ಳೆಯ ಲೇಪ ನಾಲಗೆಯಾಕಾರದ್ದು. ರಕ್ತಕಣಗಳು ಬಿಡಿಬಿಡಿಯಾಗಿ ಮಲಗಿರುವುದು ಅದರ ತೆಳುವಾದ ತುದಿಯ ಸಮೀಪದಲ್ಲಿಯೇ.

ಇದು ಒಣಗಿದ ಬಳಿಕ ಲೀಷ್ಮನ್ ಎಂಬ ಸೇನಾ ವೈದ್ಯನು 1901ರಲ್ಲಿ ರೂಪಿಸಿದ ಬಣ್ಣ. ಇದರಲ್ಲಿ ಮೆಥಿಲೀನ್ ನೀಲಿಯೂ ಇಯೋಸಿನ್ ಕೆಂಪೂ ಕೂಡಿವೆ. ಎರಡೂ ಮೊದಲು ಬಟ್ಟೆಯ ಬಣ್ಣಗಳೇ! ಬಣ್ಣದೊಳಗಿನ ಮೆಥನಾಲು ಎರಡು ನಿಮಿಷಗಳಲ್ಲಿ ಕಣಗಳನ್ನು ಗಾಜಿಗೆ ಕಚ್ಚಿಸುವುದು. ಅನಂತರ ಎರಡರಷ್ಟು ನೀರು ಬೆರೆಸಿ ಏಳರಿಂದ ಹತ್ತು ನಿಮಿಷ ಬಿಡುವರು. ನೀರು ಕ್ಷಾರವಾದರೆ ಎಲ್ಲವೂ ನೀಲಿ, ಆಮ್ಲವಾದರೆ ಎಲ್ಲವೂ ಕೆಂಪು. ಸವಳು ಬಾವಿಯ ನೀರು ಇಲ್ಲಿಗೆ ಸಲ್ಲದು. ಲವಣಗಳಿಂದ ಪಿಎಚ್ 6.8ಕ್ಕೆ ಹೊಂದಿಸಿದ, ಬಟ್ಟಿಯಿಳಿಸಿದ ನೀರೇ ಆಗಬೇಕು.

ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಕಾಣುವುದು ಕೆಂಪು ಹರಳಿನ ಪುಟ್ಟ ನೀಲಿ ಉಂಗುರದಂತೆ. ಮಾರಕವಾದ ಫಾಲ್ಸಿಪಾರಮ್ ಜಾತಿಯ ಒಂದು ರೂಪವಂತೂ ಬಿದಿಗೆಯ ಚಂದ್ರನಂತಿರುವುದು. ಕೆಂಪು ಕಣಗಳು ನಡುವೆ ಬಿಳಿಚಿಕೊಂಡು ಬಳೆಗಳಂತೆ ಕಂಡರೆ ಕಬ್ಬಿಣಾಂಶದ ಕೊರತೆಯ ಶಂಕೆ. ‘ಸುಸ್ತು, ಏನೂ ಇಲ್ಲ’ ಎಂದು ದಿನ ನೂಕುತ್ತಿದ್ದ ಗೃಹಿಣಿಯ ಕಥೆ ಅಲ್ಲಿ ಬಯಲಾಗುವುದುಂಟು. ಸೋಸದ ಬಣ್ಣದ ಕಣ ಗಾಜಿನ ಮೇಲೆ ಕುಳಿತರೆ ಇಲ್ಲದ ರೋಗಾಣು ಇದ್ದಂತೆ ತೋರೀತು. ಲೇಪ ದಪ್ಪವಾಗಿ ಕಣಗಳು ಒತ್ತಿಕೊಂಡರೆ ಇದ್ದದ್ದೂ ಮರೆಯಾದೀತು. ಎರಡನೆಯದೇ ಹೆಚ್ಚು ಭಯಂಕರ.

ಈಗ ಕಣಗಳನ್ನು ಎಣಿಸುವ ಯಂತ್ರಗಳಿವೆ, ಅರ್ಧ ಗಂಟೆಯೊಳಗೆ ಉತ್ತರ ಕೊಡುವ ಮಲೇರಿಯಾ ಪಟ್ಟಿಗಳೂ ಇವೆ. ಆದರೂ ಯಂತ್ರ ಸಂದೇಹಪಟ್ಟಲ್ಲಿ ಮತ್ತೆ ಈ ಗಾಜನ್ನೇ ನೋಡುವರು. ನಡುಗುಜ್ವರ ಬಂದಾಗ ಮಲೇರಿಯಾ ಗುಳಿಗೆ ನುಂಗುವ ಮುನ್ನವೇ ರಕ್ತ ಕೊಡುವುದು ಲೇಸು. ಮೊದಲ ಸಲ ಏನೂ ಕಾಣದೆ ಜ್ವರವೂ ಬಿಡದಿದ್ದರೆ ವೈದ್ಯರನ್ನು ಕೇಳಿ ಮರುದಿನ ಇನ್ನೊಂದು ಹನಿ ಕೊಡತಕ್ಕದ್ದು.