ಕಣಗಳು ಮೂರು ತಲೆಮಾರು ಯಾಕೆ? "ಸಿಮೆಟ್ರಿ" ಅಂದ್ಬಿಟ್ರೆ ಮುಗೀತಾ?

ಭಾಗ 1

"ಸಿಮೆಟ್ರಿ ಇದೆ, ಅದಕ್ಕೇ ಮೂಲಕಣಗಳಲ್ಲಿ ಮೂರು ತಲೆಮಾರು." ಸೈನ್ಸ್ ರೀಲ್ಸ್‌ನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಯ್ತು. ಬಿಕಾಂ ಓದೋರಿಗೆ ಇಲ್ಲೇನು ಕೆಲಸ ಅಂತ ಕಾಮೆಂಟ್ ಹಾಕೋ ಮೊದಲು ಓದಿ. ಇದು ಪಕ್ಕಾ ಅಕೌಂಟ್ಸ್ ಜಗಳ.

ನಿಮ್ಮ ಫೋನು, ಕ್ಯಾಂಟೀನ್ ಚಿತ್ರಾನ್ನ, ನೀವು, ಎಲ್ಲಾ ಆಗಿರೋದು ಮೊದಲ ತಲೆಮಾರಿನ ಕಣಗಳಿಂದ: ಅಪ್ ಕ್ವಾರ್ಕ್, ಡೌನ್ ಕ್ವಾರ್ಕ್, ಎಲೆಕ್ಟ್ರಾನ್. ಜೊತೆಗೊಂದು ನ್ಯೂಟ್ರಿನೊ. ಇಷ್ಟಕ್ಕೇ ನಿಲ್ಲಬಹುದಿತ್ತಲ್ವಾ? ಇಲ್ಲ. 1936ರಲ್ಲಿ ಕಾಸ್ಮಿಕ್ ಕಿರಣಗಳಲ್ಲಿ ಮ್ಯೂಆನ್ ಸಿಕ್ತು. ಥೇಟ್ ಎಲೆಕ್ಟ್ರಾನೇ, ತೂಕ ಮಾತ್ರ 207 ಪಟ್ಟು. "ಇದನ್ನ ಯಾರು ಆರ್ಡರ್ ಮಾಡಿದ್ದು?" ಅಂತ ಭೌತವಿಜ್ಞಾನಿ ರಾಬಿ ಕೇಳಿದ್ರಂತೆ. 1975ರಲ್ಲಿ ಟೌ ಬಂತು, ಸುಮಾರು 3,477 ಪಟ್ಟು. ಕ್ವಾರ್ಕ್‌ಗಳದ್ದೂ ಇದೇ ಕಥೆ. 1989ರಲ್ಲಿ ಸರ್ನ್‌ನ ಎಲ್‌ಇಪಿ ಯಂತ್ರ ಅಳೆದು ನೋಡಿ, ಹಗುರ ನ್ಯೂಟ್ರಿನೊ ಮೂರೇ ಬಗೆ ಅಂತು. ಎಷ್ಟು ಅನ್ನೋದು ಗೊತ್ತಾಯ್ತು. ಯಾಕೆ ಅನ್ನೋದು ಇಲ್ಲ.

ಭಾಗ 2

ಗೇಜ್ ಸಿಮೆಟ್ರಿ ಅಂದ್ರೆ ಕಣಗಳ ನಡುವಿನ ಬಲಗಳು ಹೇಗಿರಬೇಕು ಅಂತ ತೀರ್ಮಾನಿಸೋ ನಿಯಮ. ಅದಕ್ಕೊಂದು ಶರತ್ತಿದೆ: ಕೆಲವು ಮೊತ್ತಗಳು ಸೊನ್ನೆ ಆಗ್ಲೇಬೇಕು, ಇಲ್ಲಾಂದ್ರೆ ಸಿದ್ಧಾಂತವೇ ಕುಸಿಯುತ್ತೆ. ಒಂದನ್ನ ನೀವೇ ಕೂಡಿ. ಅಪ್ ಕ್ವಾರ್ಕ್ ಚಾರ್ಜ್ +2/3, ಮೂರು ಬಣ್ಣದಲ್ಲಿ ಬರುತ್ತೆ, ಒಟ್ಟು +2. ಡೌನ್ −1/3, ಮೂರು ಬಣ್ಣ, −1. ಎಲೆಕ್ಟ್ರಾನ್ −1. ನ್ಯೂಟ್ರಿನೊ 0. ಟ್ಯಾಲಿ! ನಮ್ಮ ಟ್ರಯಲ್ ಬ್ಯಾಲೆನ್ಸ್ ಯಾವತ್ತೂ ಇಷ್ಟು ಚಂದ ಬಂದಿಲ್ಲ.

ಆದ್ರೆ ಇಲ್ಲೇ ಇರೋದು ಮೋಸ. ಒಂದೊಂದು ತಲೆಮಾರೂ ತನ್ನಷ್ಟಕ್ಕೆ ಟ್ಯಾಲಿ ಆಗುತ್ತೆ. ಬ್ರಾಂಚ್ ಒಂದೇ ಇದ್ರೂ ಸರಿ, ಐದಿದ್ರೂ ಸರಿ. ಪುಸ್ತಕ ಟ್ಯಾಲಿ ಆಯ್ತು ಅಂದ್ರೆ ಮೂರು ಬ್ರಾಂಚ್ ಯಾಕೆ ತೆಗೆದ್ರು ಅಂತ ಗೊತ್ತಾಗುತ್ತಾ?

ಇನ್ನು ಕೆಲವರು ಮೂರು ತಲೆಮಾರನ್ನೂ ಸೇರಿಸಿ "ಫ್ಯಾಮಿಲಿ ಸಿಮೆಟ್ರಿ" ಅಂತ ಹೊಸ ಎಸ್‌ಯು(3) ಹಚ್ಚುತ್ತಾರೆ. ಆ 3 ಎಲ್ಲಿಂದ ಬಂತು ಗುರು? ಎಣಿಸಿ ನಾವೇ ಹಾಕಿದ್ದು! ವ್ಯತ್ಯಾಸ ಬಂದಾಗ ಸಸ್ಪೆನ್ಸ್ ಅಕೌಂಟ್‌ಗೆ ತಳ್ಳೋದಕ್ಕೂ ಇದಕ್ಕೂ ಏನು ಫರಕು? ಅದೂ ಅಲ್ದೆ ಆ ಸಿಮೆಟ್ರಿ ಪೂರ್ತಿ ನಿಜವಾಗಿದ್ರೆ ಮೂರರ ತೂಕವೂ ಒಂದೇ ಇರಬೇಕಿತ್ತು. ಇಲ್ಲಿರೋದು 207 ಪಟ್ಟು. ಹಾಗಾಗಿ ಅದನ್ನ ಮುರೀಬೇಕು, ಮುರಿಯೋಕೆ ಇನ್ನಷ್ಟು ಎಂಟ್ರಿ. ಒಂದು ಮಾತು ಒಪ್ಪಬೇಕು: ಇಂಥ ಸಿಮೆಟ್ರಿ ಇದ್ರೆ ಮ್ಯೂಆನ್ ಅಪರೂಪಕ್ಕಾದ್ರೂ ಎಲೆಕ್ಟ್ರಾನ್ ಮತ್ತು ಬೆಳಕಾಗಿ ಒಡೆಯಬಹುದು, ಅಂದ್ರೆ ಪರೀಕ್ಷೆ ಮಾಡಬಹುದು. ಸ್ವಿಟ್ಜರ್‌ಲೆಂಡ್‌ನ ಮೆಗ್ ಪ್ರಯೋಗ ಹುಡುಕಿತು. ಲಕ್ಷ ಕೋಟಿಗೆ ಒಂದೂ ಕಂಡಿಲ್ಲ.

ಪಿಯುಸಿ ಓದೋ ತಮ್ಮ-ತಂಗಿಗೆ "ಉತ್ತರ ಸಿಕ್ಕಾಯ್ತು" ಅಂತ ರೀಲ್ ತೋರಿಸಿದ್ರೆ, ಅವರು ಈ ಪ್ರಶ್ನೆನ ಯಾಕೆ ಮುಟ್ತಾರೆ? ನನ್ನ ಕೋಪ ಅದಕ್ಕೆ.

ಭಾಗ 3

ಸಿಮೆಟ್ರಿಯಿಂದ ಮೂರು ಬರೋದೇ ಇಲ್ವಾ? ಬರಬಹುದು. 1992ರಲ್ಲಿ ಪಿಸಾನೊ ಮತ್ತು ಪ್ಲೈಟೆಜ್, ಬೇರೆಯಾಗಿ ಫ್ರಾಂಪ್ಟನ್, ಒಂದು ಐಡಿಯಾ ಕೊಟ್ರು. ಅದನ್ನ 3-3-1 ಅಂತಾರೆ. ಅಲ್ಲಿ ಒಂದು ಬ್ರಾಂಚ್ ತಾನೇ ಟ್ಯಾಲಿ ಆಗಲ್ಲ. ಒಂದು ಕ್ವಾರ್ಕ್ ತಲೆಮಾರಿನ ಎಂಟ್ರಿ ಉಳಿದೆರಡಕ್ಕೆ ಉಲ್ಟಾ. ಎಲ್ಲಾ ಕನ್ಸಾಲಿಡೇಟ್ ಮಾಡಿದಾಗ ಮಾತ್ರ ಸೊನ್ನೆ, ಅದೂ ತಲೆಮಾರುಗಳ ಸಂಖ್ಯೆ ಬಣ್ಣಗಳ ಸಂಖ್ಯೆಯ, ಅಂದ್ರೆ 3ರ, ಮಗ್ಗಿಯಲ್ಲಿದ್ರೆ. ಆರಾಗೋಕೆ ಸ್ಟ್ರಾಂಗ್ ಫೋರ್ಸ್ ಬಿಡಲ್ಲ. ಉಳಿದಿದ್ದು ಮೂರು. ಇಲ್ಲಿ ತಲೆಮಾರಿನ ಲೆಕ್ಕ ಕೈಯಿಂದ ಹಾಕಿದ್ದಲ್ಲ, ಕೂಡಿದ್ಮೇಲೆ ಬಂದಿದ್ದು. ವಿವರಣೆ ಅಂದ್ರೆ ನಾನು ಇದನ್ನ ಒಪ್ತೀನಿ.

ಆದ್ರೆ ಅದು ಹೇಳೋ ಹೊಸ ಕಣಗಳು ಎಲ್‌ಎಚ್‌ಸಿಯಲ್ಲಿ ಇಲ್ಲಿವರೆಗೂ ಸಿಕ್ಕಿಲ್ಲ. ಬಣ್ಣ ಮೂರೇ ಯಾಕೆ ಅಂತಾನೂ ಅದು ಹೇಳಲ್ಲ. ಜಗಳಕ್ಕೆ ಬರೋರು ಭಾಗ 2ರ ಕೂಡೋ ಲೆಕ್ಕ ಮಾಡ್ಕೊಂಡೇ ಕಾಮೆಂಟ್‌ಗೆ ಬನ್ನಿ.

#ಮೂರುಯಾಕೆ #ಕಣಭೌತ #ಬಿಕಾಂಕಣ್ಣಲ್ಲಿ