ಎರಡನೇ ಗೋಲ್‌ಕೀಪರ್

ಕಲ್ಕತ್ತಾದ ಖಿದಿರ್‌ಪುರದಲ್ಲಿ ನಾನು ಆರು ವರ್ಷ ಇದ್ದೆ. ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಯೊಂದರಲ್ಲಿ ಕೆಲಸ. 1892ರಲ್ಲಿ ಶುರುವಾದ ಡಾಕ್ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ. ಆಗಿನ್ನೂ 36ನೇ ನಂಬರಿನ ಟ್ರಾಮ್ ಓಡುತ್ತಿತ್ತು. ಖಿದಿರ್‌ಪುರದಲ್ಲಿ ಹತ್ತಿದರೆ ಮೈದಾನದ ಹಸಿರಿನ ನಡುವೆ ಹಾದು ಎಸ್ಪ್ಲನೇಡ್ ತಲುಪಿಸುತ್ತಿತ್ತು. 2020ರಲ್ಲಿ ಅಂಫಾನ್ ಚಂಡಮಾರುತ ಬಂದ ಮೇಲೆ ಅದು ನಿಂತೇಹೋಯಿತು. ಭಾನುವಾರ ಬೆಳಿಗ್ಗೆ ಆ ಟ್ರಾಮಿನಲ್ಲಿ ಸೀಟಿಗಿಂತ ಹೆಚ್ಚು ಜಾಗ ಹಿಡಿಯುತ್ತಿದ್ದದ್ದು ಫುಟ್‌ಬಾಲ್ ಬೂಟುಗಳ ಚೀಲ. ನಮ್ಮ ಬೀದಿಯ ಹುಡುಗನೊಬ್ಬನ ಚೀಲವೂ ಅದರಲ್ಲಿರುತ್ತಿತ್ತು. ಅವನು ಗೋಲ್‌ಕೀಪರ್.

ಅವನ ಹೆಸರು ಇಲ್ಲಿ ಬೇಡ. ಅಪ್ಪನಿಗೆ ಡಾಕಿನಲ್ಲಿ ಸರಕು ಇಳಿಸುವ ಕೆಲಸ. ಹುಡುಗ ಹತ್ತೊಂಬತ್ತಕ್ಕೆಲ್ಲ ಒಂದು ಸಣ್ಣ ಕ್ಲಬ್ಬಿನ ಮೊದಲ ಕೀಪರ್ ಆಗಿದ್ದ, ಕೆಳಗಿನ ಡಿವಿಷನ್ನಿನಲ್ಲಿ ವಾರಕ್ಕೊಂದು ಮ್ಯಾಚ್ ಆಡುತ್ತಿದ್ದ. ಒಂದು ದಿನ ದೊಡ್ಡ ಕ್ಲಬ್ಬೊಂದರಿಂದ ಕರೆ ಬಂತು. ಅವರ ಎರಡನೇ ಕೀಪರ್ ವಯಸ್ಸಾಗಿ ಬಿಟ್ಟಿದ್ದ, ಆ ಜಾಗಕ್ಕೆ ಕಡಿಮೆ ಸಂಬಳದ ಎಳೆಯ ಹುಡುಗ ಬೇಕಿತ್ತು. ಆ ರಾತ್ರಿ ಬೀದಿಗೆಲ್ಲ ಬಿರಿಯಾನಿ ಹಂಚಿದರು. ಅವನ ಅಮ್ಮ ನನ್ನ ತಟ್ಟೆಗೆ ಎರಡು ಆಲೂಗಡ್ಡೆ ಹೆಚ್ಚೇ ಹಾಕಿದ್ದು ಇನ್ನೂ ನೆನಪಿದೆ. ಕಲ್ಕತ್ತಾ ಬಿರಿಯಾನಿಯಲ್ಲಿ ಅದು ಸಣ್ಣ ಮರ್ಯಾದೆಯಲ್ಲ.

ಎರಡು ಸೀಸನ್ ಅವನು ಬೆಂಚಿನ ಮೇಲೆ ಕೂತ. ಆಡಿದ ಮ್ಯಾಚು ಸೊನ್ನೆ. ಮೂರನೆಯ ಸೀಸನ್ನಿನ ಮಳೆಗಾಲದಲ್ಲಿ ಮೊದಲ ಕೀಪರ್‌ನ ಬೆರಳು ಮುರಿಯಿತು. ಕೆಸರಿನ ಮೈದಾನ, ಸೋಪಿನಂತೆ ಜಾರುವ ಚೆಂಡು, ಸುತ್ತ ಕೂಗಾಟ. ಇವನು ಮೂರು ಗೋಲು ಬಿಟ್ಟುಕೊಟ್ಟ. ಒಂದು ಕಾರ್ನರ್‌ಗೆ ಮುಂದೆ ಬಂದು ಅರ್ಧದಲ್ಲಿ ನಿಂತ. ಇನ್ನೊಂದಕ್ಕೆ ಬರಬೇಕಾಗಿತ್ತು, ಬರಲಿಲ್ಲ. ಮೂರನೆಯದು ಕೈಯಿಂದಲೇ ಜಾರಿತು. ಮುಂದಿನ ವರ್ಷ ಕ್ಲಬ್ ಅವನ ಒಪ್ಪಂದ ಮುಂದುವರಿಸಲಿಲ್ಲ. ಹಳೆಯ ಸಣ್ಣ ಕ್ಲಬ್ಬಿನಲ್ಲಿ ಅಷ್ಟರಲ್ಲಿ ಬೇರೊಬ್ಬ ಬಂದಿದ್ದ.

ಇಂಥ ಹುಡುಗನ ಬಗ್ಗೆ ಮೈದಾನದಲ್ಲಿ ಒಂದೇ ಮಾತು ಕೇಳಿಬರುತ್ತದೆ: ‘ಅನುಭವ ಸಾಲದು.’ ಮಾತು ಸುಳ್ಳಲ್ಲ. ಆದರೆ ಅನುಭವ ಸಾಲದವನನ್ನು ಆ ಜಾಗಕ್ಕೆ ತಂದು, ಅನುಭವ ಆಗದ ಹಾಗೆ ಎರಡು ವರ್ಷ ಕೂರಿಸಿದ್ದು ಯಾರು? ನಾನು ಹೇಳಬೇಕೆಂದಿರುವುದು ಇಷ್ಟೇ. ಅನನುಭವಿಯನ್ನು ಮೀಸಲು ಆಟಗಾರನಾಗಿ ಕೊಳ್ಳುವ ಕ್ಲಬ್ಬು ಅವನ ಜೊತೆಗೆ ಅವನು ಆಡುವ ಮ್ಯಾಚುಗಳನ್ನೂ ಕೊಳ್ಳಬೇಕು. ಅದು ಆಗದಿದ್ದರೆ ಆ ಜಾಗಕ್ಕೆ ಪಳಗಿದ ಆಟಗಾರನನ್ನೇ ತರಬೇಕು. ಎರಡೂ ಮಾಡದೆ ಅಗ್ಗದ ಸಂಬಳ ನೋಡಿ ಹುಡುಗನನ್ನು ತಂದರೆ ಕ್ಲಬ್ಬಿಗೆ ಹೋಗುವುದು ಒಂದು ಪಂದ್ಯ; ಹುಡುಗನಿಗೆ ಹೋಗುವುದು ಬದುಕಿನ ಒಂದು ದಾರಿ.

ಗೋಲ್‌ಕೀಪರ್ ವಿಷಯದಲ್ಲೇ ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಫಾರ್ವರ್ಡ್ ಆಡುವ ಹುಡುಗನನ್ನು ಕೊನೆಯ ಹದಿನೈದು ನಿಮಿಷಕ್ಕೆ ಇಳಿಸಬಹುದು. ತಂಡ ಎರಡು ಗೋಲು ಮುಂದಿದ್ದಾಗ ಹಾಫ್‌ಬ್ಯಾಕ್ ಒಬ್ಬನನ್ನು ನೋಡಬಹುದು. ಗೋಲ್‌ಕೀಪರ್‌ಗೆ ಆ ಹದಿನೈದು ನಿಮಿಷ ಸಿಗುವುದಿಲ್ಲ. ಮೊದಲನೆಯವನು ಗಟ್ಟಿಯಾಗಿರುವ ತನಕ ಎರಡನೆಯವನಿಗೆ ಏನೂ ಇಲ್ಲ; ಮೊದಲನೆಯವನು ಬಿದ್ದ ದಿನ ಎಲ್ಲವೂ ಒಮ್ಮೆಲೇ. ಫಾರ್ವರ್ಡ್ ಐದು ಅವಕಾಶ ಹಾಳುಮಾಡಿ ಆರನೆಯದನ್ನು ಹೊಡೆದರೆ ಹೀರೋ. ಕೀಪರ್ ಐದು ಹಿಡಿದು ಆರನೆಯದನ್ನು ಬಿಟ್ಟರೆ ಆ ಆರನೆಯದು ಮಾತ್ರ ಬೋರ್ಡಿನ ಮೇಲೆ ಉಳಿಯುತ್ತದೆ.

ಅಭ್ಯಾಸದಲ್ಲಿ ಚೆಂಡು ಹಿಡಿಯುವುದನ್ನು ಕಲಿಯಬಹುದು. ಕಾರ್ನರ್ ಬಂದಾಗ ಗೆರೆ ಬಿಟ್ಟು ಮುಂದೆ ಬರಬೇಕೋ ಬೇಡವೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವುದನ್ನು, ತನಗಿಂತ ಹತ್ತು ವರ್ಷ ಹಿರಿಯನಾದ ಡಿಫೆಂಡರ್‌ಗೆ ‘ಎಡಕ್ಕೆ ಸರಿ’ ಎಂದು ಗದರುವುದನ್ನು, ಒಂದು ಗೋಲು ಬಿಟ್ಟ ಮೇಲೆ ಮುಂದಿನ ಹತ್ತು ನಿಮಿಷ ತಲೆ ಕೆಡಿಸಿಕೊಳ್ಳದೆ ನಿಲ್ಲುವುದನ್ನು ಕಲಿಸುವುದು ಮ್ಯಾಚ್ ಮಾತ್ರ. ಡಿಫೆಂಡರ್‌ಗಳೂ ಕೀಪರ್‌ನನ್ನು ನಂಬುವುದನ್ನು ಮ್ಯಾಚಿನಲ್ಲೇ ಕಲಿಯುತ್ತಾರೆ. ನಂಬಿಕೆ ಇಲ್ಲದಿದ್ದರೆ ಅವರು ಗೋಲಿನ ಹತ್ತಿರಕ್ಕೆ ಸರಿಯುತ್ತಾರೆ, ಅವನು ಹಿಡಿಯಬೇಕಾದ ಚೆಂಡಿಗೆ ತಾವೇ ಹಾರುತ್ತಾರೆ, ಗೊಂದಲ ಇಮ್ಮಡಿಯಾಗುತ್ತದೆ.

ಕಲ್ಕತ್ತಾದಲ್ಲಿ ಈ ಮಾತು ಬಂದರೆ ಹಳಬರು ಒಂದು ದಿನವನ್ನು ನೆನೆಯದೆ ಬಿಡುವುದಿಲ್ಲ: 1975ರ ಸೆಪ್ಟೆಂಬರ್ 30. ಐಎಫ್‌ಎ ಶೀಲ್ಡ್ ಫೈನಲ್. ಈಸ್ಟ್ ಬೆಂಗಾಲ್ 5, ಮೋಹನ್ ಬಾಗಾನ್ 0. ಬಾಗಾನ್ ಗೋಲಿನಲ್ಲಿ ಅಂದು ನಿಂತಿದ್ದವರು ಇನ್ನೂ ಎಳೆಯ ವಯಸ್ಸಿನ ಭಾಸ್ಕರ್ ಗಂಗೂಲಿ. ನಾಲ್ಕು ಗೋಲು ಆದ ಮೇಲೆ ಅವರನ್ನು ಹೊರಗೆ ಕರೆದು ಪ್ರಶಾಂತ ಮಿತ್ರ ಅವರನ್ನು ಇಳಿಸಿದರು. ಸೋತ ತಂಡದ ಕೆಲವು ಆಟಗಾರರು ಅಭಿಮಾನಿಗಳ ಸಿಟ್ಟಿಗೆ ಹೆದರಿ ಆ ರಾತ್ರಿಯನ್ನು ಗಂಗೆಯ ದೋಣಿಯಲ್ಲಿ ಕಳೆದರೆಂದು ಇಂದಿಗೂ ಹೇಳುತ್ತಾರೆ. ಒಬ್ಬ ಅಭಿಮಾನಿ ಆ ಸೋಲನ್ನು ತಾಳಲಾರದೆ ಜೀವವನ್ನೇ ಕಳೆದುಕೊಂಡ. ಇಂಥ ದಿನದ ಭಾರವನ್ನು ಆಗತಾನೇ ಬೆಳೆಯುತ್ತಿದ್ದ ಹುಡುಗನೊಬ್ಬನ ಹೆಗಲಿಗೆ ಹಾಕಿದರೆ ಏನಾದೀತು ಎಂದು ನೀವೇ ಊಹಿಸಿಕೊಳ್ಳಿ.

ಆದರೆ ಭಾಸ್ಕರ್ ಗಂಗೂಲಿ ಮುಗಿದುಹೋಗಲಿಲ್ಲ. ಅದೇ ಈಸ್ಟ್ ಬೆಂಗಾಲ್ ಸೇರಿದರು, ಅಲ್ಲಿ ವರ್ಷಗಟ್ಟಲೆ ಆಡಿದರು, 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕರಾದರು. ದೇಶ ಕಂಡ ಉತ್ತಮ ಕೀಪರ್‌ಗಳ ಸಾಲಿನಲ್ಲಿ ಅವರ ಹೆಸರಿದೆ. ಅಂದರೆ 1975ರಲ್ಲಿ ಕೊರತೆ ಇದ್ದದ್ದು ಪ್ರತಿಭೆಗಲ್ಲ, ಹೊತ್ತಿಗೆ. ಇನ್ನೊಂದು ಕ್ಲಬ್ಬು ಅವರಿಗೆ ಮತ್ತೆ ಮತ್ತೆ ಆಡುವ ಅವಕಾಶ ಕೊಟ್ಟಿತು, ಹಾಗಾಗಿ ಅವರು ಉಳಿದರು.

ಈ ಕಥೆಯನ್ನು ಕ್ಲಬ್ಬಿನವರು ತಿರುಗಿಸಿ ಹೇಳುವುದೂ ಉಂಟು. ‘ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬರುತ್ತಾನೆ, ನೀರಿಗೆ ತಳ್ಳಿದರೆ ಈಜು ತಾನೇ ಬರುತ್ತದೆ.’ ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎನ್ನುವವನದ್ದೂ ನಮ್ಮ ಗೋಲ್‌ಕೀಪರ್‌ನ ಹಾಗೆ ಒಬ್ಬನೇ ಆಡುವ ಜಾಗ. ಚೆಂಡು ಅವನ ಕೈಯಿಂದಲೇ ಹೊರಡಬೇಕು, ಎರಡನೆಯವನು ಬೆಂಚಿನಲ್ಲಿ ಕಾಯಬೇಕು. ಅಲ್ಲೂ ಇದೇ ವಾದ ನಡೆಯುತ್ತದೆ, ಮತ್ತು ಎಲ್ಲರೂ ಟಾಮ್ ಬ್ರೇಡಿಯ ಹೆಸರು ಹೇಳುತ್ತಾರೆ. 2000ದ ಆಯ್ಕೆಯಲ್ಲಿ 199ನೆಯವನಾಗಿ ಬಂದ ಹುಡುಗ, 2001ರಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಗಾಯಗೊಂಡಾಗ ಇಳಿದು, ಅದೇ ಸೀಸನ್ನಿನಲ್ಲಿ ತಂಡಕ್ಕೆ ಸೂಪರ್ ಬೌಲ್ ಗೆಲ್ಲಿಸಿದ. ನಿಜ. ಆದರೆ ಈಜಿ ದಡ ಸೇರಿದವನ ಕಥೆಯನ್ನು ಮಾತ್ರ ನಾವು ಕೇಳುತ್ತೇವೆ. ಮುಳುಗಿದವನು ಕಥೆ ಹೇಳಲು ಬರುವುದಿಲ್ಲ. ಅದೇ ಆಟದಲ್ಲಿ ನಿಕ್ ಫೋಲ್ಸ್ ಕೂಡ ಇದ್ದಾರೆ. 2017ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದ ಕಾರ್ಸನ್ ವೆಂಟ್ಜ್ ಗಾಯಗೊಂಡಾಗ ಇಳಿದವರು, ಎರಡು ತಿಂಗಳೊಳಗೆ ಬ್ರೇಡಿಯ ತಂಡವನ್ನೇ 41–33ರಿಂದ ಸೋಲಿಸಿದರು. ಫೋಲ್ಸ್ ಎರಡನೆಯವರಾಗಿದ್ದರು, ಎಳೆಯರಾಗಿರಲಿಲ್ಲ. ಹಲವು ಸೀಸನ್ನುಗಳಲ್ಲಿ ಮೊದಲಿಗನಾಗಿ ಆಡಿ, ಪೆಟ್ಟು ತಿಂದು, ಕಲಿತು ಬಂದವರು.

ನಮ್ಮ ಕಡೆಯದೇ ಒಂದು ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಸೈಯದ್ ಕಿರ್ಮಾನಿ 1971ರಲ್ಲೇ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ಮುಂದೆ ಫರೂಕ್ ಎಂಜಿನಿಯರ್ ಇದ್ದರು. 1974ರಲ್ಲಿ ಮತ್ತೆ ಹೋದರು, ಮತ್ತೆ ಕಾದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಎರಡನೆಯ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಐದು ವರ್ಷ ಬೆಂಚಿನಲ್ಲಿದ್ದವರ ಕೈ ತುಕ್ಕು ಹಿಡಿಯಲಿಲ್ಲ ಏಕೆ? ಏಕೆಂದರೆ ಅವರು ಬೆಂಚಿನಲ್ಲಿದ್ದದ್ದು ಟೆಸ್ಟ್ ತಂಡಕ್ಕೆ ಮಾತ್ರ. ಊರಿಗೆ ಬಂದರೆ ನಮ್ಮ ರಾಜ್ಯದ ತಂಡವಿತ್ತು, ರಣಜಿ ಪಂದ್ಯಗಳಿದ್ದವು, ಚಂದ್ರಶೇಖರ್ ಮತ್ತು ಪ್ರಸನ್ನರ ಸ್ಪಿನ್‌ಗೆ ಕೀಪಿಂಗ್ ಮಾಡುವ ಕೆಲಸವಿತ್ತು. ಅದಕ್ಕಿಂತ ಕಷ್ಟದ ಪರೀಕ್ಷೆ ಬೇರೆ ಎಲ್ಲಿ ಸಿಗಬೇಕು? ಅವಕಾಶ ಬಂದಾಗ ಕಿರ್ಮಾನಿ ಹೊಸಬರಾಗಿರಲಿಲ್ಲ.

ಬೆಂಗಳೂರಿನ ಫುಟ್‌ಬಾಲಿಗೂ ಇಂಥ ಒಂದು ರಾತ್ರಿ ಬಂದಿತ್ತು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ಸೇರಿತು. ಅಲ್ಲಿಗೆ ತಲುಪಿದ ಮೊದಲ ಭಾರತೀಯ ಕ್ಲಬ್. ಆದರೆ ಹಳದಿ ಕಾರ್ಡುಗಳ ಕಾರಣ ಮೊದಲ ಕೀಪರ್ ಅಮರಿಂದರ್ ಸಿಂಗ್ ಫೈನಲ್ ಆಡುವಂತಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ, ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು, ಮಿಜೋರಾಮಿನ ಲಾಲ್ಥುಅಮ್ಮಾವಿಯಾ ರಾಲ್ಟೆ ಗೋಲಿನಲ್ಲಿ ನಿಂತರು. ಬೆಂಗಳೂರು ಸೋತಿತು, ಆದರೆ 0–1ರಿಂದ, ಕೊನೆಯ ತನಕ ಪಂದ್ಯದಲ್ಲಿದ್ದು. ರಾಲ್ಟೆ ಐ-ಲೀಗ್ ಪಂದ್ಯಗಳನ್ನು ಆಡಿ ಬಂದಿದ್ದವರು, ಮುಂದಿದ್ದ ಡಿಫೆಂಡರ್‌ಗಳನ್ನು ಬಲ್ಲವರು. ಆ ಜಾಗದಲ್ಲಿ ಒಂದೂ ಮ್ಯಾಚ್ ಆಡದ ಹುಡುಗನಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಮೊದಲನೆಯವನ ಗಾಯಕ್ಕೆ ಮಾತ್ರವಲ್ಲ, ರೆಫರಿಯ ಜೇಬಿನಲ್ಲಿರುವ ಒಂದು ಸಣ್ಣ ಹಳದಿ ಕಾರ್ಡಿಗೂ ಎರಡನೆಯವನು ಸಿದ್ಧನಿರಬೇಕು.

ಇಷ್ಟು ಹೇಳಿದರೆ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಎಲ್ಲರೂ ಪಳಗಿದವರನ್ನೇ ತಂದರೆ ಎಳೆಯರು ಕಲಿಯುವುದು ಯಾವಾಗ? ಮೂವತ್ತೈದು ದಾಟಿದವನ ಮಂಡಿಯನ್ನು ನಂಬಿ ಎಷ್ಟು ದಿನ ಕೂರುವುದು? ಒಪ್ಪುತ್ತೇನೆ. ಎಳೆಯರನ್ನು ತರಬೇಡಿ ಎಂದು ನಾನು ಹೇಳುತ್ತಿಲ್ಲ. ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನೇ ನೋಡಿ. ಈಸ್ಟ್ ಬೆಂಗಾಲ್ ಅವರನ್ನು ಹುಡುಗನಾಗಿದ್ದಾಗಲೇ ಸೇರಿಸಿಕೊಂಡಿತು. ಆದರೆ ಬೆಂಚಿನಲ್ಲಿ ಕೂರಿಸಿ ಮರೆಯಲಿಲ್ಲ, ಎಳೆಯರಿಗಾಗಿಯೇ ಫೆಡರೇಷನ್ ಕಟ್ಟಿದ್ದ ತಂಡಕ್ಕೆ ಸಾಲವಾಗಿ ಕಳಿಸಿತು. ಅಲ್ಲಿ ಗೋಲು ಬಿಟ್ಟರೆ ಬಿಟ್ಟುಕೊಳ್ಳಲಿ, ಕಲಿಯಲಿ ಎಂದು. 2014ರಲ್ಲಿ ಅವರು ನಾರ್ವೆಯ ಸ್ಟಾಬೆಕ್ ಸೇರಿದರು, 2016ರಲ್ಲಿ ಯುರೋಪಾ ಲೀಗ್ ಪಂದ್ಯ ಆಡಿದ ಮೊದಲ ಭಾರತೀಯರಾದರು, 2017ರಲ್ಲಿ ಬೆಂಗಳೂರಿಗೆ ಬಂದರು.

ದಾರಿಗಳು ಈಗಲೂ ಇವೆ. ಕಲ್ಕತ್ತಾದ ದೊಡ್ಡ ಕ್ಲಬ್ಬುಗಳು ಈಚಿನ ವರ್ಷಗಳಲ್ಲಿ ಊರಿನ ಲೀಗಿಗೆ ಎಳೆಯರ ತಂಡವನ್ನು ಇಳಿಸುತ್ತಿವೆ. ಖಿದಿರ್‌ಪುರದ ಹೆಸರಿನದೇ ಕ್ಲಬ್ಬೊಂದು ಆ ಲೀಗಿನಲ್ಲಿದೆ. ಇಂಥ ಸಣ್ಣ ಕ್ಲಬ್ಬುಗಳ ಎದುರು ಮಳೆಯಲ್ಲಿ ಆಡುವುದಕ್ಕಿಂತ ಒಳ್ಳೆಯ ಶಾಲೆ ಕೀಪರ್‌ಗೆ ಇಲ್ಲ. ಬೆಂಗಳೂರು ಎಫ್‌ಸಿಯ ಎರಡನೇ ತಂಡವೂ ಬೆಂಗಳೂರಿನ ಸೂಪರ್ ಡಿವಿಷನ್‌ನಲ್ಲಿ ಆಡುತ್ತ ಬಂದಿದೆ. ಬೇಕಾಗಿರುವುದು ಇದನ್ನು ಒಪ್ಪಂದದ ಕಾಗದಕ್ಕೆ ತರುವುದು. ಎಳೆಯ ಕೀಪರ್‌ಗೆ ಸಹಿ ಹಾಕಿಸುವಾಗ ವರ್ಷಕ್ಕೆ ಇಷ್ಟು ಪಂದ್ಯ ಎಂದು ಬರೆಯಲಿ, ಆಡಿಸಲಾಗದಿದ್ದರೆ ಸಾಲವಾಗಿ ಕಳಿಸುತ್ತೇವೆ ಎಂದು ಬರೆಯಲಿ. ಆ ತನಕ ಎರಡನೇ ಜಾಗದಲ್ಲಿ ಹಳಬನೊಬ್ಬ ಇರಲಿ, ಹುಡುಗ ಮೂರನೆಯವನಾಗಿರಲಿ. ಸಂಬಳದಲ್ಲಿ ಸ್ವಲ್ಪ ಹೆಚ್ಚಾಗುತ್ತದೆ. ಹಾಗೂ ಒಂದು ದಿನ ಹುಡುಗನನ್ನು ಇಳಿಸಲೇಬೇಕಾಗಿ ಬಂದು ಅವನು ಎಡವಿದರೆ, ಇಳಿಸಿದ್ದು ತಾವು ಎಂದು ಕೋಚ್ ಎಲ್ಲರೆದುರು ಹೇಳಲಿ. ಅದಕ್ಕೆ ದುಡ್ಡು ಬೇಕಾಗಿಲ್ಲ.

ಹುಡುಗರ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ದೊಡ್ಡ ಕ್ಲಬ್ಬಿನ ಜೆರ್ಸಿ ಮನೆಗೆ ಬಂದ ದಿನ ಸಂಭ್ರಮಪಡಿ, ತಪ್ಪಿಲ್ಲ. ಸಹಿ ಮಾಡುವ ಮುಂಚೆ ಮಾತ್ರ ‘ಎಷ್ಟು ಕೊಡುತ್ತೀರಿ’ ಎಂದು ಕೇಳುವ ಜೊತೆಗೆ ‘ಎಷ್ಟು ಆಡಿಸುತ್ತೀರಿ’ ಎಂದೂ ಕೇಳಿ.

ಖಿದಿರ್‌ಪುರ ಬಿಡುವ ಮುಂಚೆ ಆ ಹುಡುಗನನ್ನು ನೋಡಲು ಹೋಗಿದ್ದೆ. ಫ್ಯಾನ್ಸಿ ಮಾರ್ಕೆಟ್ಟಿನ ಒಳಗೆ ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ ಕೂತಿದ್ದ. ಚಹಾ ತರಿಸಿದ. ಸುತ್ತಿ ಬಳಸಿ ಆ ಮಳೆಯ ದಿನದ ಮಾತೇ ಬಂತು. ‘ಹತ್ತು ಮ್ಯಾಚ್ ಸಿಕ್ಕಿದ್ದರೆ ಬೇರೆ ಆಗ್ತಿತ್ತು ಅಲ್ವಾ?’ ಎಂದೆ. ಅವನು ಗಿರಾಕಿಯೊಬ್ಬನಿಗೆ ಚಿಲ್ಲರೆ ಎಣಿಸಿ ಕೊಟ್ಟು ನನ್ನ ಕಡೆ ತಿರುಗಿದ.

‘ಹತ್ತು ಯಾಕೆ ಚಾಚಾ, ಎರಡು ಮೂರು ಸಾಕಿತ್ತು. ಆ ಮೂರು ಗೋಲನ್ನ ಯಾವುದಾದರೂ ಸಣ್ಣ ಮ್ಯಾಚಿನಲ್ಲಿ ಬಿಟ್ಟುಕೊಂಡು ಬರ್ತಿದ್ದೆ.’