ಒಂದೇ ಸಿಲಿಂಡರ್ ನಂಬಿ ಮದುವೆಗೆ ಹೋಗುತ್ತೇವೆಯೇ?

ಮುಂಬಯಿ ಮತ್ತು ಉಪನಗರಗಳಲ್ಲಿ ಕೇಟರಿಂಗ್ ನಡೆಸುವ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಆಫೀಸು ಎಂಬ ಬೇರೆ ಜಾಗವಿಲ್ಲ. ಅಡುಗೆ ಒಂದು ಕಡೆ, ಪಾತ್ರೆಗಳ ಗೋಡೌನ್ ಇನ್ನೊಂದು ಕಡೆ, ಲೆಕ್ಕಪತ್ರ ಮಾತ್ರ ಮನೆಯಲ್ಲಿ. ಭಾಂಡುಪ್‌ನ ಚಾಳಿರಲಿ, ಜೋಗೇಶ್ವರಿಯ ಹಳೆಯ ಕಟ್ಟಡವಿರಲಿ, ದಹಿಸರ್‌ನ ಸಣ್ಣ ಫ್ಲ್ಯಾಟ್ ಇರಲಿ, ಹಾಲ್‌ನ ಮೂಲೆಯಲ್ಲಿರುವ ಮೇಜೇ ನಮ್ಮ ಕಚೇರಿ. ಆ ಮೇಜಿಗೆ ಬರುವ ಇಂಟರ್‌ನೆಟ್ ತಂತಿಯ ಬಗ್ಗೆ ಈ ಸಲ ಸದಸ್ಯರೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕು ಎನಿಸಿದೆ. ಇದು ಮನೆಯ ವಿಷಯ, ಸಂಘಕ್ಕೇನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ ಎಂಬುದೇ ನಮ್ಮ ಅಭಿಪ್ರಾಯ.

ಆ ಮೇಜಿನಲ್ಲಿ ಇಂದು ಏನೇನು ನಡೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಮದುವೆಯ ಮೆನು ವಾಟ್ಸಾಪ್‌ನಲ್ಲಿ ಹೋಗುತ್ತದೆ, ಬದಲಾವಣೆಯೂ ಅದರಲ್ಲೇ ಬರುತ್ತದೆ. ಮದುಮಗ ಪರದೇಶದಲ್ಲಿದ್ದರೆ ಸಿಹಿ ಯಾವುದು ಎಂಬ ತೀರ್ಮಾನ ವಿಡಿಯೋ ಕಾಲ್‌ನಲ್ಲಿ ಆಗುತ್ತದೆ. ಮುಂಗಡ ಹಣ ಯು.ಪಿ.ಐ.ಯಲ್ಲಿ ಬರುತ್ತದೆ. ದಿನಸಿ ಪಟ್ಟಿ ವಾಶಿಯ ವ್ಯಾಪಾರಿಗೆ ಫೋನಿನಲ್ಲೇ ತಲುಪುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ರಿಟರ್ನ್ ಸಲ್ಲಿಸುವುದು ಆನ್‌ಲೈನ್‌ನಲ್ಲಿ; ತೆರಿಗೆ ಇರುವ 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಬಡ್ಡಿ ಬೇರೆ. ಎಫ್.ಎಸ್.ಎಸ್.ಎ.ಐ. ಲೈಸನ್ಸಿನ ಅರ್ಜಿ 2020ರಿಂದ ಫಾಸ್ಕೋಸ್ ಪೋರ್ಟಲ್‌ನಲ್ಲಿ. ಕಡೆಯ ದಿನ ನೆಟ್ ಇರಲಿಲ್ಲ ಎಂದರೆ ಪೋರ್ಟಲ್‌ಗೆ ಅದು ಕೇಳಿಸುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬಂದ ವಿಚಾರಣೆಗೆ ಮರುದಿನ ಮಧ್ಯಾಹ್ನ ಉತ್ತರ ಕೊಟ್ಟರೆ ಗಿರಾಕಿಯೂ ಕಾಯುವುದಿಲ್ಲ, ಇನ್ನೊಬ್ಬರಿಗೆ ಆರ್ಡರ್ ಕೊಟ್ಟಿರುತ್ತಾನೆ.

ಹಿಂದೆ ಟೆಲಿಫೋನಿಗೂ ಇದೇ ಪಾಡಿತ್ತು. 1986ರಲ್ಲಿ ಎಂ.ಟಿ.ಎನ್.ಎಲ್. ಆರಂಭವಾದ ಕಾಲಕ್ಕೂ ಹೊಸ ಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆಗ ನಮ್ಮವರ ಹೋಟೆಲಿನ ಗಲ್ಲದ ಮೇಲಿದ್ದ ಫೋನೇ ಎಷ್ಟೋ ಊರವರ ಪಿ.ಪಿ. ನಂಬರ್. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಮೊದಲ ನಗರಗಳ ಸಾಲಿನಲ್ಲಿ ಮುಂಬಯಿಯೂ ಇತ್ತು. ಇಂದು ಭಾರತಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಬಹುಪಾಲು ಇಳಿಯುವುದು ಇದೇ ನಗರದಲ್ಲಿ, ಅವುಗಳಲ್ಲಿ ಹಲವು ವರ್ಸೋವಾದ ದಡದಲ್ಲಿ. ಆದರೂ ಅಲ್ಲಿಂದ ಕೆಲವೇ ಮೈಲು ಆಚೆಗಿನ ಗಲ್ಲಿಯೊಳಗೆ ನಂಬಿಕಸ್ತ ಲೈನ್ ಸಿಗದೆ ಒದ್ದಾಡುವವರು ನಮ್ಮಲ್ಲಿದ್ದಾರೆ. ಸಮುದ್ರ ದಾಟಿ ಬಂದ ತಂತಿ ಕಡೆಯ ಇನ್ನೂರು ಅಡಿಯಲ್ಲಿ ಸೋಲುತ್ತದೆ.

ಇದಕ್ಕೆ ಕಾರಣಗಳಿವೆ. ರಸ್ತೆ ಅಗೆದು ಫೈಬರ್ ಹಾಕುವುದಕ್ಕೆ ಪಾಲಿಕೆಯ ಅನುಮತಿ ಬೇಕು, ಅಗೆದದ್ದನ್ನು ಮುಚ್ಚುವ ವೆಚ್ಚ ಕಟ್ಟಬೇಕು. ಮಳೆಗಾಲದ ನಾಲ್ಕು ತಿಂಗಳು ತುರ್ತು ಕೆಲಸ ಬಿಟ್ಟರೆ ಅಗೆಯಲು ಬಿಡುವುದಿಲ್ಲ. ಹಾಗಾಗಿ ದೊಡ್ಡ ಕಂಪೆನಿ ಎಷ್ಟು ಮನೆಗೆ ಎಷ್ಟು ಖರ್ಚು ಎಂದು ನೋಡಿ ಟವರ್‌ಗಳಿರುವ ಕಾಂಪ್ಲೆಕ್ಸ್‌ಗೆ ಮೊದಲು ಹೋಗುತ್ತದೆ. ಚಾಳು, ಗಾಂವ್‌ಠಾಣ್, ರೀಡೆವಲಪ್‌ಮೆಂಟ್‌ಗೆ ಕಾದು ನಿಂತ ಹಳೆಯ ಕಟ್ಟಡ ಇವು ಕಡೆಗೆ. ಅಲ್ಲಿ ಉಳಿಯುವವನು ಟೆರೇಸಿನಿಂದ ಟೆರೇಸಿಗೆ ತಂತಿ ಎಳೆದ ಸ್ಥಳೀಯ ಕೇಬಲ್‌ವಾಲಾ ಒಬ್ಬನೇ. ಹಿಂದೆ ಗಲ್ಲಿ ಗಲ್ಲಿಯಲ್ಲಿದ್ದ ಎಂ.ಟಿ.ಎನ್.ಎಲ್.ನ ತಾಮ್ರದ ತಂತಿಯ ಬಲ ಕುಗ್ಗಿದೆ. 2025ರ ಜನವರಿಯಿಂದ ಅದರ ಕಾರ್ಯಾಚರಣೆಯನ್ನು ಬಿ.ಎಸ್.ಎನ್.ಎಲ್. ವಹಿಸಿಕೊಂಡಿದೆ.

ಕೇಬಲ್‌ವಾಲಾನನ್ನು ದೂರುವುದು ನಮ್ಮ ಉದ್ದೇಶವಲ್ಲ. ಯಾರೂ ಬಾರದ ಗಲ್ಲಿಗೆ ಬಂದವನು ಅವನು. ಮಳೆಯಲ್ಲಿ ಏಣಿ ಹಿಡಿದು ಬರುವವರೂ ಅವನ ಹುಡುಗರೇ. ಆದರೆ ಒಬ್ಬನೇ ಇದ್ದಾಗ ಏನಾಗುತ್ತದೆ ಎಂಬುದು ವ್ಯಾಪಾರಿಗಳಾದ ನಮಗೆ ಗೊತ್ತು. ಒಬ್ಬನೇ ತರಕಾರಿಯವನನ್ನು ನಂಬಿದರೆ ಶ್ರಾವಣದಲ್ಲಿ ದರ ಅವನು ಹೇಳಿದ್ದೇ. ಒಂದೇ ಸಿಲಿಂಡರ್ ಹಿಡಿದು ಐನೂರು ಎಲೆಯ ಊಟಕ್ಕೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಅಡುಗೆ ಭಟ್ಟರು ಜ್ವರ ಬಂದು ಮಲಗಿದರೆ ಯಾರನ್ನು ಕರೆಯಬೇಕೆಂಬುದೂ ಮೊದಲೇ ಗೊತ್ತಿರುತ್ತದೆ. ಊಟದ ವಿಷಯದಲ್ಲಿ ಇಷ್ಟು ಮುಂದಾಲೋಚನೆ ಇರುವ ನಾವು, ಆ ಊಟದ ಆರ್ಡರ್ ತರುವ ತಂತಿಯ ವಿಷಯದಲ್ಲಿ ಮಾತ್ರ ಬೆಂಕಿ ಬಿದ್ದಾಗ ಬಾವಿ ತೋಡುತ್ತೇವೆ. ಎರಡು ದೋಣಿಯಲ್ಲಿ ಕಾಲಿಡಬಾರದು ಎಂಬ ಮಾತು ಇಲ್ಲಿ ಹೊಂದುವುದಿಲ್ಲ.

ಹೊಸ ಲೈನ್ ತೆಗೆದುಕೊಳ್ಳುವಾಗ ಜಾಹೀರಾತಿನ ವೇಗ ನೋಡಿ ಮರುಳಾಗುವ ಅಗತ್ಯವಿಲ್ಲ. ಮೆನು ಕಳಿಸಲು, ಹಣ ಪಡೆಯಲು, ರಿಟರ್ನ್ ಹಾಕಲು ದೊಡ್ಡ ವೇಗ ಬೇಡ. ವಿಡಿಯೋ ಕಾಲ್‌ಗೂ ಕೆಲವು ಎಂ.ಬಿ.ಪಿ.ಎಸ್. ಸಾಕು. ನಮಗೆ ಬೇಕಾದದ್ದು ದಿನವೂ ಇರುವ ನೆಟ್. ಆದ್ದರಿಂದ ಏಜೆಂಟನನ್ನು ಕೇಳುವ ಮೊದಲು ಅದೇ ಮಹಡಿಯ, ಅದೇ ಗಲ್ಲಿಯ ನಾಲ್ಕು ಮನೆಯವರನ್ನು ಕೇಳಬೇಕು. ರಾತ್ರಿ ಎಂಟರಿಂದ ಹತ್ತರವರೆಗೆ ಹೇಗಿರುತ್ತದೆ? ಕಳೆದ ಜುಲೈಯಲ್ಲಿ ಎಷ್ಟು ದಿನ ಹೋಗಿತ್ತು? ಭಾನುವಾರ ಕೆಟ್ಟರೆ ಯಾರು ಬರುತ್ತಾರೆ? ಭಾನುವಾರವೇ ನಮಗೆ ಕೆಲಸದ ದಿನವಾದ್ದರಿಂದ ಈ ಕಡೆಯ ಪ್ರಶ್ನೆ ಮುಖ್ಯ.

ಏಜೆಂಟನಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಫೈಬರ್ ಮನೆಯೊಳಗಿನವರೆಗೆ ಬರುತ್ತದೆಯೇ, ಅಥವಾ ಮೆಟ್ಟಿಲ ಬಳಿಯ ಪೆಟ್ಟಿಗೆಯವರೆಗೆ ಬಂದು ಅಲ್ಲಿಂದ ಸಾದಾ ಕೇಬಲ್ ಹಾಕುತ್ತೀರೋ? ಎರಡನೆಯದಾದರೆ ಆ ಪೆಟ್ಟಿಗೆಗೆ ಕರೆಂಟ್ ಬೇಕು. ಕಟ್ಟಡದ ಕರೆಂಟ್ ಹೋದರೆ ಮನೆಯಲ್ಲಿ ಇನ್ವರ್ಟರ್ ಇದ್ದರೂ ನೆಟ್ ಇಲ್ಲ. ಫೈಬರ್ ಮನೆಯೊಳಗೇ ಬಂದರೆ ದಾರಿಯಲ್ಲಿ ಸಾಮಾನ್ಯವಾಗಿ ಕರೆಂಟ್ ಬೇಕಾದ ಪೆಟ್ಟಿಗೆ ಇರುವುದಿಲ್ಲ. ರೂಟರ್‌ಗೆ ಒಂದು ಸಣ್ಣ ಯು.ಪಿ.ಎಸ್. ಇಟ್ಟರೆ ಕೆಲಸ ನಡೆಯುತ್ತದೆ. ಇನ್ನು, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಪುಕ್ಕಟೆ ಎಂಬ ಆಸೆಗೆ ಬೀಳದೆ ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟುವುದು ಲೇಸು. ಹೊಸ ಅಡುಗೆಯವನಿಗೆ ನಾವು ವರ್ಷದ ಸಂಬಳ ಮುಂಗಡ ಕೊಡುತ್ತೇವೆಯೇ?

ಎರಡನೆಯ ಲೈನ್ ಎಂದರೆ ಎರಡನೆಯ ಹೆಸರು ಮಾತ್ರವಲ್ಲ. ಬೋರ್ಡಿನಲ್ಲಿ ಎರಡು ಕಂಪೆನಿಯ ಹೆಸರಿದ್ದು, ಎರಡೂ ಒಬ್ಬನೇ ಕೇಬಲ್‌ವಾಲಾನ ಒಂದೇ ತಂತಿಯಲ್ಲಿ ಬರುವುದುಂಟು. ಕಾಂಕ್ರೀಟ್ ರಸ್ತೆಯ ಕೆಲಸಕ್ಕೆ ಬಂದ ಜೆ.ಸಿ.ಬಿ. ತಂತಿ ಕಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ದಾರಿ ಬೇರೆಯಾದರೆ ಮಾತ್ರ ಅದು ಎರಡನೆಯದು. ಒಂದು ತಂತಿಯಾದರೆ ಇನ್ನೊಂದು ಗಾಳಿಯಲ್ಲಿ ಬರುವುದಿರಲಿ. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಎರಡೂ ಮುಂಬಯಿಯಲ್ಲಿ 5ಜಿ ಮೂಲಕ ಮನೆಗೆ ಇಂಟರ್‌ನೆಟ್ ಕೊಡಲು ಆರಂಭಿಸಿದವು. ಟವರ್‌ನ ಸಿಗ್ನಲ್ ಚೆನ್ನಾಗಿ ಸಿಗುವ ಕಡೆ ರಸ್ತೆ ಅಗೆಯುವ ಗೊಡವೆಯೇ ಇಲ್ಲ.

ಹಾಗಾದರೆ ಮೊಬೈಲ್ ಹಾಟ್‌ಸ್ಪಾಟ್ ಸಾಲದೇ ಎಂದು ಕೇಳುವವರಿದ್ದಾರೆ. ಆಪತ್ತಿಗೆ ಸಾಕು, ಆಧಾರಕ್ಕೆ ಸಾಲದು. ನೆಲಮಹಡಿಯ ಕೋಣೆಯಲ್ಲಿ, ತಗಡಿನ ಮಾಡಿನ ಅಡಿಯಲ್ಲಿ ಸಿಗ್ನಲ್ ಕುಸಿಯುತ್ತದೆ. ಗಣೇಶೋತ್ಸವದಂದು ಬೀದಿ ತುಂಬ ಜನ ಸೇರಿದಾಗ ಅದೇ ಟವರ್‌ಗೆ ಸಾವಿರಾರು ಫೋನ್‌ಗಳ ಭಾರ ಬೀಳುತ್ತದೆ. ನಮಗೆ ಅತಿ ಹೆಚ್ಚು ಆರ್ಡರ್ ಇರುವುದೂ ಆ ದಿನಗಳಲ್ಲೇ.

ಲೈನ್ ಕೆಟ್ಟಾಗ ಹುಡುಗನಿಗೆ ಫೋನ್ ಮಾಡಿ ಬೈದರೆ ದಾಖಲೆ ಉಳಿಯುವುದಿಲ್ಲ. ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ಟ್ರಾಯ್ 2006ರಲ್ಲೇ ನಿಯಮ ಮಾಡಿತ್ತು. ದುರಸ್ತಿಗೆ ಮೂರು ಕೆಲಸದ ದಿನ ಮೀರಿದರೆ ಏಳು ದಿನದ ಬಾಡಿಗೆ, ಏಳು ದಿನ ಮೀರಿದರೆ ಹದಿನೈದು ದಿನದ್ದು, ಹದಿನೈದು ಮೀರಿದರೆ ಒಂದು ತಿಂಗಳಿನದು ರಿಯಾಯಿತಿ ಕೊಡಬೇಕು ಎಂದು ಅದರಲ್ಲಿತ್ತು. ಹಳೆಯ ನಿಯಮಗಳನ್ನೆಲ್ಲ ಒಟ್ಟುಗೂಡಿಸಿದ ಹೊಸ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಪಡೆಯಬೇಕು. ದೊಡ್ಡ ಕಂಪೆನಿಗಳಲ್ಲಿ ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ನಂಬರ್ ಇಲ್ಲದ ದೂರು ಬಿಲ್ ಇಲ್ಲದ ಸಾಮಾನಿನಂತೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಎಷ್ಟೋ ಕಟ್ಟಡಗಳಲ್ಲಿ ಎರಡನೆಯ ಕಂಪೆನಿ ಬಾರದಿರುವುದಕ್ಕೆ ರಸ್ತೆಯಾಗಲಿ ಸಮುದ್ರವಾಗಲಿ ಕಾರಣವಲ್ಲ, ಸೊಸೈಟಿಯ ಗೇಟು ಕಾರಣ. ಟೆರೇಸಿಗೆ ಹತ್ತಲು, ಡಕ್ಟಿನಲ್ಲಿ ತಂತಿ ಇಳಿಸಲು, ಹೊರಗೋಡೆಗೆ 5ಜಿ ಪೆಟ್ಟಿಗೆ ಕೂರಿಸಲು ಕಮಿಟಿಯ ಒಪ್ಪಿಗೆ ಬೇಕು. ಮೊದಲೇ ಬಂದವನು ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದರೆ ಕಮಿಟಿಯವರು ಎರಡನೆಯವನಿಗೆ ಬಾಗಿಲು ಹಾಕುತ್ತಾರೆ. ಸೊಸೈಟಿಗೆ ಬರುವ ಆ ಸಣ್ಣ ಹಣವನ್ನು ಮನೆ ಮನೆಯವರೂ ಕೆಟ್ಟ ಸೇವೆಯ ರೂಪದಲ್ಲಿ ತೆರುತ್ತಾರೆ. ನಮ್ಮ ಸದಸ್ಯರಲ್ಲೇ ಹಲವರು ತಮ್ಮ ಸೊಸೈಟಿಗಳಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು. ಈ ಬಾಗಿಲು ತೆರೆಯುವ ಕೀಲಿಕೈ ಅವರ ಕೈಯಲ್ಲೇ ಇದೆ. ಕಟ್ಟಡದೊಳಗಿನ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರದ ಅಂಕ ಕೊಡುವ ನಿಯಮಾವಳಿಯನ್ನೂ ಟ್ರಾಯ್ 2024ರಲ್ಲಿ ತಂದಿದೆ. ಫ್ಲ್ಯಾಟ್ ಕೊಳ್ಳುವವರು ನೀರು, ಲಿಫ್ಟ್ ಕೇಳಿದಂತೆ ಇದನ್ನೂ ಕೇಳುವ ಕಾಲ ದೂರವಿಲ್ಲ.

ಆದ್ದರಿಂದ ಸಂಘದ ಮುಂದೆ ನಮ್ಮ ಸಲಹೆ ಎರಡು. ಮೊದಲನೆಯದು, ಪ್ರತಿ ಸದಸ್ಯರೂ ತಮ್ಮ ಪಿನ್‌ಕೋಡ್, ಕಟ್ಟಡದಲ್ಲಿರುವ ಲೈನ್‌ಗಳು, ಮಳೆಗಾಲದಲ್ಲಿ ಅವು ನಡೆದ ಬಗೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘಕ್ಕೆ ಕೊಡಲಿ. ಎಲ್ಲಿ ಯಾವುದು ನಂಬಿಕಸ್ತ ಎಂಬ ಪಟ್ಟಿ ಆರು ತಿಂಗಳಲ್ಲಿ ತಯಾರಾಗುತ್ತದೆ. ಒಂದೇ ಗಲ್ಲಿಯಿಂದ ಹತ್ತು ಮನೆ ಸೇರಿ ಕೇಳಿದರೆ ಕಂಪೆನಿಯ ಲೆಕ್ಕವೂ ಬದಲಾಗುತ್ತದೆ. ಒಬ್ಬರ ಅರ್ಜಿಗೆ ಬಾರದ ತಂತಿ ಹತ್ತು ಜನರ ಅರ್ಜಿಗೆ ಬಂದೀತು. ಎರಡನೆಯದು, ಸೊಸೈಟಿ ಕಮಿಟಿಯಲ್ಲಿರುವ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಂಡಿಸಲಿ: ನಿಯಮ ಪಾಲಿಸುವ ಯಾವ ಕಂಪೆನಿಗೂ ಸಮಾನ ಷರತ್ತಿನಲ್ಲಿ ಪ್ರವೇಶ, ಯಾರಿಗೂ ಏಕಸ್ವಾಮ್ಯವಿಲ್ಲ.

ಇದಕ್ಕೆ ಹಣ ಬೇಡ, ಸರಕಾರದ ಮುಂದೆ ಕೈಚಾಚುವುದೂ ಬೇಡ. ಶ್ರಾವಣದ ಗಡಿಬಿಡಿ ಆರಂಭವಾಗುವ ಮೊದಲು ಸದಸ್ಯ ಬಾಂಧವರು ಈ ಬಗ್ಗೆ ಯೋಚಿಸಿ ತಮ್ಮ ಚೀಟಿಗಳನ್ನು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.